ಗೆದ್ದವರು ತೆರೆದ ಬಾಗಿಲು

ಕಳೆದ ವಾರ ತರಗತಿಯಲ್ಲಿ ರನ್ನನ ‘ಗದಾಯುದ್ಧ’ವನ್ನು ಮುಗಿಸಿದೆನು. ಭೀಮನಿಗೆ ಪಟ್ಟವಾಯಿತು, ಕಾವ್ಯವೂ ಮುಗಿಯಿತು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಸಾರ್, ಸೋತ ಕಡೆಯವರು ಗೆದ್ದವರ ರಾಜ್ಯದಲ್ಲಿ ಹೇಗೆ ಬಾಳಿದರು?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬರುವಾಗ ಐರ್ಲೆಂಡಿನ ಚರಿತ್ರೆ ನೆನಪಾಯಿತು.

ಏಮನ್ ಡಿ ವೆಲೆರಾ ಅವರು ಮೂಲತಃ ನಮ್ಮಂತೆಯೇ ಪಾಠ ಹೇಳುವವರು. ಅವರ ವಿಷಯ ಗಣಿತ. 1916ರಲ್ಲಿ ಡಬ್ಲಿನ್ ನಗರದಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಪಡೆಯೊಂದಕ್ಕೆ ಅವರು ನಾಯಕರಾಗಿದ್ದರು. ಮರಣದಂಡನೆಯಾಗಿಯೂ ಬದುಕಿ ಉಳಿದರು. 1921ರ ಡಿಸೆಂಬರಿನಲ್ಲಿ ಬ್ರಿಟನ್ನಿನೊಡನೆ ಒಪ್ಪಂದವಾಯಿತು. ಅದರಂತೆ ಶಾಸನಸಭೆಯ ಸದಸ್ಯರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಡಿ ವೆಲೆರಾ ಒಪ್ಪಲಿಲ್ಲ. ಐರಿಷ್ ಸಭೆಯು 57ಕ್ಕೆ ಎದುರಾಗಿ 64 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು.

1922ರ ಜೂನ್ ತಿಂಗಳಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ನಿನ್ನೆ ಒಂದೇ ಬಚ್ಚಿಡುತಾಣದಲ್ಲಿ ಮಲಗಿದ್ದವರು ಇಂದು ಒಬ್ಬರನ್ನೊಬ್ಬರು ಗುಂಡಿಕ್ಕಿ ಕೊಂದರು. ಸರಕಾರದ ಪಕ್ಷದ ಮೈಕೆಲ್ ಕಾಲಿನ್ಸ್ ಆಗಸ್ಟಿನಲ್ಲಿ ಹತರಾದರು. ಸರಕಾರವು ಸೆರೆಸಿಕ್ಕ 70ಕ್ಕೂ ಹೆಚ್ಚು ಬಂಡುಗಾರರನ್ನು ಕೊಲ್ಲಿಸಿತು. 1923ರ ಮೇ ತಿಂಗಳಲ್ಲಿ ಬಂಡಾಯದ ಸೇನಾಪತಿ ಫ್ರ್ಯಾಂಕ್ ಏಕನ್ ಹೋರಾಟ ನಿಲ್ಲಿಸಲು ಆಜ್ಞೆಯಿತ್ತರು. ಆಯುಧಗಳನ್ನು ಶತ್ರುವಿಗೊಪ್ಪಿಸಲಿಲ್ಲ, ಹೂತಿಟ್ಟರು. ಡಿ ವೆಲೆರಾ ಸೆರೆಮನೆ ಸೇರಿದರು.

ಮುಂದಿನದೇ ವಿಸ್ಮಯ. 1926ರಲ್ಲಿ ಅವರು ಹೊಸ ಪಕ್ಷವನ್ನು ಕಟ್ಟಿದರು. 1927ರಲ್ಲಿ, ಅಷ್ಟು ರಕ್ತಕ್ಕೆ ಕಾರಣವಾದ ಆ ಪ್ರಮಾಣವನ್ನೇ ಬರಿಯ ಶಾಸ್ತ್ರವೆಂದು ಹೇಳಿ, ಸಹಿ ಹಾಕಿ ಸಭೆಯನ್ನು ಪ್ರವೇಶಿಸಿದರು. 1932ರ ಚುನಾವಣೆಯಲ್ಲಿ ಅವರ ಪಕ್ಷವೇ ಮೊದಲಾಯಿತು. ಮಾರ್ಚ್ 9ರಂದು ಸಭೆ ಸೇರಿದಾಗ ಅವರ ಕಡೆಯ ಕೆಲವರ ಜೇಬಿನಲ್ಲಿ ಪಿಸ್ತೂಲುಗಳಿದ್ದುವಂತೆ. ಸೈನ್ಯ ಅಡ್ಡ ಬಂದೀತೆಂಬ ಭಯ. ಆದರೆ ಅಂತರ್ಯುದ್ಧವನ್ನು ಗೆದ್ದ ಕಾಸ್‌ಗ್ರೇವ್ ಅವರು ಅಧಿಕಾರ ಬಿಟ್ಟುಕೊಟ್ಟು ವಿರೋಧಪಕ್ಷದ ಪೀಠದಲ್ಲಿ ಕುಳಿತರು. ರಕ್ಷಣಾಮಂತ್ರಿಯಾದವರು ಯಾರು? ಅದೇ ಏಕನ್! ಹತ್ತು ವರ್ಷಗಳ ಹಿಂದೆ ತಾವು ಕಾದಿದ ಸೈನ್ಯಕ್ಕೇ ಅವರು ಒಡೆಯರಾದರು. ಆ ಸೈನ್ಯವೂ ತಲೆಬಾಗಿತು.

ಡಿ ವೆಲೆರಾ ಮುಂದೆ 1937ರ ಸಂವಿಧಾನವನ್ನು ರೂಪಿಸಿದರು. ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಅದೇ ಮಾದರಿ. 1959ರಿಂದ 1973ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದರು. 1936ರಲ್ಲಿ, ಬಂದೂಕು ಬಿಡಲೊಲ್ಲದ ತಮ್ಮ ಹಳೆಯ ಸಂಗಾತಿಗಳ ಸೇನೆಯನ್ನು ನಿಷೇಧಿಸಿದವರೂ ಅವರೇ. ಪಡೆದವನ ಹಿರಿಮೆ ದೊಡ್ಡದೇ. ಆದರೆ ಕೊಟ್ಟವನ ಹಿರಿಮೆ ಅದಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ.

ಮರುದಿನ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆನು. ಹುಡುಗನು ಮತ್ತೆ ಎದ್ದನು: “ಸಾರ್, ಆ ಸಹಿಯನ್ನು 1922ರಲ್ಲೇ ಹಾಕಿದ್ದರೆ, ಸತ್ತವರು ಉಳಿಯುತ್ತಿದ್ದರಲ್ಲವೆ?”

“ಉಳಿಯುತ್ತಿದ್ದರೇನೋಪ್ಪ” ಎಂದೆನು. ಬೇರೇನು ಹೇಳಲಿ?