ಸಮುದ್ರಕ್ಕೆ ಬೇಲಿ ಇಲ್ಲ

ಗೆಳೆಯರೇ, ಗದ್ದೆಗೆ ಬೇಲಿ ಹಾಕಬಹುದು, ಸಮುದ್ರಕ್ಕೆ ಹಾಕೋಕಾಗುತ್ತಾ?

2021ರ ಮೇ ತಿಂಗಳಲ್ಲಿ ಶ್ರೀಲಂಕಾದ ಕೊಲಂಬೊ ಹತ್ತಿರ ಎಕ್ಸ್-ಪ್ರೆಸ್ ಪರ್ಲ್ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ 25 ಟನ್ ನೈಟ್ರಿಕ್ ಆಮ್ಲವೂ ಸಬ್ಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳೂ ಇದ್ದವು. ನಮ್ಮ ದೇಶದ ಕರಾವಳಿ ಕಾವಲು ಪಡೆಯ ಹಡಗುಗಳು ಹೋಗಿ ಬೆಂಕಿ ಆರಿಸಲು ನೆರವಾದವು. ಆದರೂ ಹಡಗು ಮುಳುಗಿತು. ಕಾಳುಗಳು ದಡಕ್ಕೆ ಬಂದವು. ಅಲ್ಲಿ ಮೀನು ಹಿಡಿಯಬಾರದೆಂದು ಆಜ್ಞೆಯಾಯಿತು. ಪಾಪ, ಮೀನುಗಾರರು ಏನು ತಪ್ಪು ಮಾಡಿದ್ದರು?

ಇಂಥ ಆಪತ್ತಿಗೆ ಒಂದೇ ದೇಶ ಸಾಲದು. ಅದಕ್ಕೇ 1995ರಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶ, ಮಾಲ್ಡೀವ್ಸ್, ಪಾಕಿಸ್ತಾನ ಸೇರಿ ಸಮುದ್ರ ರಕ್ಷಣೆಯ ಯೋಜನೆ ಒಪ್ಪಿಕೊಂಡವು. ಎಣ್ಣೆ ಚೆಲ್ಲಿದರೆ ಯಾರಿಗೆ ತಿಳಿಸಬೇಕು, ಯಾರು ಹಡಗು ಕಳಿಸಬೇಕು ಎಂಬುದು ಮೊದಲೇ ಗೊತ್ತಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗಲ್ಲ.

ಜಗಳ ಆಡೋ ನೆರೆಮನೆಯವರೂ ಬೆಂಕಿ ಕಂಡರೆ ಕೊಡ ಹಿಡಿದು ಓಡಿ ಬರ್ತಾರೆ. ದೇಶಗಳೂ ಹಾಗೇ ಇರಬೇಕೆಂದು ನನ್ನ ಆಸೆ.