ಜಾತ್ರೆ ನೆನಪಿದೆ, ಕನ್ನಡಕ ಎಲ್ಲಿ?

ಎಪ್ಪತ್ತು ದಾಟಿದ ನಮ್ಮ ಅಜ್ಜನಿಗೆ ಚಿಕ್ಕಂದಿನ ವಿಜಯಪುರದ ಸಿದ್ಧೇಶ್ವರ ಜಾತ್ರೆ ಕಣ್ಣಿಗೆ ಕಟ್ಟಿದಂತಿದೆ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟರೆಂಬುದು ಮಾತ್ರ ನೆನಪಿರುವುದಿಲ್ಲ. ಯಾಕೆ?

ಹೊಸದನ್ನು ದಾಖಲಿಸುವುದು, ಹಳೆಯದನ್ನು ಕಾಪಾಡುವುದು ಮಿದುಳಿಗೆ ಬೇರೆ ಬೇರೆ ಕೆಲಸ. ಹೊಸ ಅನುಭವವನ್ನು ನೆನಪಾಗಿ ಕಟ್ಟುವುದು ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ. ವಯಸ್ಸಾದಂತೆ ಅದು ತುಸು ಕುಗ್ಗುತ್ತದೆ, ಗಮನವೂ ಸಡಿಲಾಗುತ್ತದೆ. ಏನೋ ಯೋಚಿಸುತ್ತ ಇಟ್ಟ ಕನ್ನಡಕ ಸರಿಯಾಗಿ ದಾಖಲಾಗುವುದೇ ಇಲ್ಲ. ಪಾಪ, ಅಜ್ಜ ನೆನೆಯುವುದಾದರೂ ಏನನ್ನು!

ಜಾತ್ರೆಯ ಕಥೆ ಬೇರೆ. ತಿಕೋಟಾ, ಬಬಲೇಶ್ವರ ಕಡೆಯ ಎರೆಹೊಲ ಹಸಿಯಿದ್ದಾಗ ಚಕ್ಕಡಿ ಹಾಯ್ದರೆ ಗಾಲಿಯ ಜಾಡು ಆಳಕ್ಕಿಳಿಯುತ್ತದೆ. ಹಿಂದೆ ಬಂದ ಚಕ್ಕಡಿಗಳೂ ಅದೇ ಜಾಡಿಗೆ ಬಿದ್ದು ಅದನ್ನು ಇನ್ನಷ್ಟು ಆಳ ಮಾಡುತ್ತವೆ. ಎಳೆಯ ವಯಸ್ಸಿನ ‘ಮೊದಲ ಸಲ’ಗಳೂ ಹಾಗೆಯೇ: ಸಂತೋಷ, ಭಯ ಬೆರೆತು ಆಳಕ್ಕಿಳಿದವು, ಪ್ರತಿ ಸಲ ಹೇಳಿದಾಗಲೂ ಮತ್ತಷ್ಟು ಗಟ್ಟಿಯಾಗುತ್ತವೆ. ಹೇಳುವಾಗ ಒಂದಿಷ್ಟು ಬಣ್ಣವೂ ಸೇರುತ್ತದೆ, ಅಜ್ಜ ಒಪ್ಪಲಿಕ್ಕಿಲ್ಲ.

ಹಿರಿಯರು ನೆನೆಯುವ ಹಳೆಯ ಘಟನೆಗಳಲ್ಲಿ ಸುಮಾರು 10ರಿಂದ 30ರ ವಯಸ್ಸಿನವೇ ಹೆಚ್ಚು ಎಂದು ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ಅದಕ್ಕೇ ಇರಬೇಕು, 2014ರ ನವೆಂಬರ್ 1ರಂದು ಊರು ಅಧಿಕೃತವಾಗಿ ವಿಜಯಪುರವಾದರೂ ಎಷ್ಟೋ ಹಿರಿಯರ ಬಾಯಿಗೆ ಬಿಜಾಪುರವೇ ಮೊದಲು ಬರುತ್ತದೆ.

ಕನ್ನಡಕ ಹುಡುಕುವುದು ಸಹಜ. ದಿನಾ ಓಡಾಡುವ ದಾರಿಯೇ ತಪ್ಪತೊಡಗಿದರೆ ವೈದ್ಯರಿಗೆ ತೋರಿಸಿ.