ಬೊಂಬಾಯಿ ದಾರಿಯಿಂದ ಬಂದ ಆಟ, ಉಡುಪಿಯಿಂದ ಹೊರಟ ಆಟ

2013ರ ಡಿಸೆಂಬರ್‌ನಲ್ಲಿ ಆಮಿರ್ ಖಾನ್‌ನ ‘ಧೂಮ್ 3’ ತೆರೆಗೆ ಬಂದಾಗ ಮಂಗಳೂರಿನ ಕಾಲೇಜು ಹುಡುಗರ ಫೋನಿನಲ್ಲೂ ಆ ಚಿತ್ರದ ಬೈಕಿನ ಆಟ ಓಡತೊಡಗಿತು. ಶಿಕಾಗೋದ ಬೀದಿ, ಬೆನ್ನಟ್ಟುವ ಪೊಲೀಸರು, ಬೆರಳು ಸ್ವಲ್ಪ ತಪ್ಪಿದರೆ ಮುಗಿಯಿತು. ಕೋಟಿಗೂ ಮೀರಿ ಡೌನ್‌ಲೋಡ್ ಆದ ಆ ಆಟ ತಯಾರಾದದ್ದು ಇಲ್ಲಿಂದ ಒಂದೂವರೆ ಗಂಟೆ ಬಡಗಿಗೆ ಹೋದರೆ ಸಿಗುವ ಉಡುಪಿಯಲ್ಲಿ, 99ಗೇಮ್ಸ್ ಎಂಬ ಕಂಪನಿಯಲ್ಲಿ.

ಈಗ ನಲವತ್ತು ದಾಟಿದ ಕರಾವಳಿಯವರು ಇದನ್ನು ಸುಲಭಕ್ಕೆ ನಂಬುವುದಿಲ್ಲ. ಅವರ ಲೆಕ್ಕದಲ್ಲಿ ಗೇಮ್ ಎಂದರೆ ಹೊರಗಿನಿಂದ ಬರುವ ವಸ್ತು. ಬಜಪೆಯಿಂದ ಗಲ್ಫಿಗೆ ನೇರ ವಿಮಾನ ಇಲ್ಲದ ಕಾಲದಲ್ಲಿ ಮಸ್ಕತ್ತಿನ ಮಾವ ಬೊಂಬಾಯಿಗಿಳಿದು, ಅಲ್ಲಿಂದ ಬಸ್ಸು ಹಿಡಿದು ಊರಿಗೆ ಬರುತ್ತಿದ್ದರು. ಹಗ್ಗ ಬಿಗಿದ ಅವರ ಪೆಟ್ಟಿಗೆಯಲ್ಲಿ ಟ್ಯಾಂಗ್ ಡಬ್ಬಿ, ಸೆಂಟಿನ ಬಾಟಲಿಗಳ ನಡುವೆ ಮಕ್ಕಳ ಪುಣ್ಯವಿದ್ದರೆ ಒಂದು ವಿಡಿಯೋ ಗೇಮೂ ಇರುತ್ತಿತ್ತು.

ಮನೆಯಲ್ಲಿ ಕಂಪ್ಯೂಟರ್ ಇರುವುದು ಆಗ ಬಲು ಅಪರೂಪ. ಬ್ರಿಟನ್ನಿನ ಸಿಂಕ್ಲೇರ್ ಸ್ಪೆಕ್ಟ್ರಮ್ ಕಂಪ್ಯೂಟರನ್ನು ಡೆಸಿಬೆಲ್ಸ್ ಎಂಬ ಕಂಪನಿ ಪರವಾನಗಿ ಪಡೆದು ಭಾರತದಲ್ಲಿ ‘ಡಿಬಿ ಸ್ಪೆಕ್ಟ್ರಮ್’ ಹೆಸರಲ್ಲಿ ಮಾರಿತು. ಅದರ ಆಟಗಳೆಲ್ಲ ಹಾಡಿನ ಕ್ಯಾಸೆಟ್ಟಿನಲ್ಲೇ. ಟೇಪ್ ರೆಕಾರ್ಡರ್ ಹಾಕಿ, ಕಿರ್ರೋ ಎನ್ನುವ ಸದ್ದು ನಿಲ್ಲುವ ತನಕ ಕಾಯಬೇಕು. ಇಂಥ ಕಂಪ್ಯೂಟರುಗಳಿಗೆ ಸಿನಿಮಾದ ಆಟ ಬರೆದುಕೊಡುವುದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡದ್ದು ಮ್ಯಾಂಚೆಸ್ಟರಿನ ಓಷನ್ ಸಾಫ್ಟ್‌ವೇರ್. ‘ರೋಬೊಕಾಪ್’, ‘ಬ್ಯಾಟ್‌ಮನ್’ ಅವರವೇ. ಓಷನ್ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಅದು ಮುಂದೆ ಬೆಂಗಳೂರಿಗೂ ಬರುತ್ತದೆ.

ಸಿನಿಮಾದ ಆಟ ಎಂದರೆ ಅವಸರದ ಅಡುಗೆ. ಚಿತ್ರದ ಬಿಡುಗಡೆ ತಪ್ಪಿದರೂ ಹಬ್ಬದ ಮಾರಾಟ ತಪ್ಪಬಾರದು. 1982ರಲ್ಲಿ ಸ್ಪಿಲ್‌ಬರ್ಗ್‌ನ ‘ಇ.ಟಿ.’ಯ ಆಟ ಬರೆಯಲು ಅಟಾರಿ ಕಂಪನಿ ಹೊವಾರ್ಡ್ ಸ್ಕಾಟ್ ವಾರ್ಷಾಗೆ ಕೊಟ್ಟದ್ದು ಸುಮಾರು ಐದು ವಾರ. ಗುಂಡಿಗೆ ಬಿದ್ದ ಇ.ಟಿ.ಯನ್ನು ಮೇಲೆತ್ತುವುದರಲ್ಲೇ ಆಡುವವರ ಕೈ ಸೋತಿತು. ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋದಲ್ಲಿ ಹೂತರು. 2014ರಲ್ಲಿ ಅಗೆದಾಗ ಅದು ನಿಜಕ್ಕೂ ಸಿಕ್ಕಿತು.

ನಮ್ಮ ಹುಡುಗರಿಗೆ ಈ ರಾಮಾಯಣ ಯಾವುದೂ ಗೊತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಗೇಮ್ ಯಂತ್ರಗಳು ಬಂದವು. ಅವುಗಳ ಕಾರ್ಟ್ರಿಜ್ಜಿಗೂ ಎಲ್ಲರೂ ‘ಕ್ಯಾಸೆಟ್’ ಎಂದೇ ಹೇಳುತ್ತಿದ್ದರು. ನಡೆಯದಿದ್ದರೆ ಬಾಯಿಂದ ಊದಿ ಮತ್ತೆ ಹಾಕಬೇಕು. ‘ಟರ್ಮಿನೇಟರ್’ ಎಂದು ಹೆಸರು ಬರೆದು, ಅರ್ನಾಲ್ಡ್ ಮುಖ ಅಚ್ಚು ಹಾಕಿದ ನಕಲಿ ಯಂತ್ರಗಳೂ ಇದ್ದವು. ಒಳಗೆ ಹುಡುಕಿದರೆ ಆ ಸಿನಿಮಾದ ಆಟವೇ ಇಲ್ಲ! ಅರ್ನಾಲ್ಡ್ ನಿಜಕ್ಕೂ ಇದ್ದದ್ದು ‘ಕಾಂಟ್ರಾ’ ಆಟದ ಡಬ್ಬಿಯ ಮೇಲೆ. ಅದರ ಚಿತ್ರ ಬರೆದ ಬಾಬ್ ವೇಕ್‌ಲಿನ್ ‘ಪ್ರಿಡೇಟರ್’ ಚಿತ್ರದ ಅರ್ನಾಲ್ಡ್ ಭಂಗಿಯನ್ನೇ ಎತ್ತಿಕೊಂಡಿದ್ದರು. ಓಷನ್‌ನ ಪೋಸ್ಟರ್‌ಗಳನ್ನು ಬರೆಯುತ್ತಿದ್ದವರೂ ಅವರೇ.

ಹೆಸರಿಗೆ ಸಿನಿಮಾ ಇಲ್ಲದಿದ್ದರೂ ಒಳಗೆಲ್ಲ ಸಿನಿಮಾ ತುಂಬಿಕೊಂಡ ಇಂಥ ಆಟಗಳೇ ನೆನಪಿನಲ್ಲಿ ಉಳಿದವು ಎಂದು ನನ್ನ ಎಣಿಕೆ. ಚಪ್ಪಲಿ ಹೊರಗೆ ಬಿಟ್ಟು ಎ.ಸಿ. ಕೋಣೆಗೆ ಹೋಗುತ್ತಿದ್ದ ಬೇಸಗೆ ರಜೆಯ ಕಂಪ್ಯೂಟರ್ ಕ್ಲಾಸುಗಳಲ್ಲಿ, ಸರ್ ಆಚೆ ಹೋದ ಕೂಡಲೇ ಫ್ಲಾಪಿಯಿಂದ ಏಳುತ್ತಿದ್ದವನು ‘ಡೇಂಜರಸ್ ಡೇವ್’ ಆಟದ ಡೇವ್, ಇಲ್ಲವೇ ಪ್ರಿನ್ಸ್. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ಕ್ಕಾಗಿ ಜೋರ್ಡಾನ್ ಮೆಕ್ನರ್ ತನ್ನ ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರವಾಗಿ ತೆರೆಗಿಳಿಸಿದ. ಕತ್ತಿವರಸೆಯನ್ನು 1938ರ ‘ರಾಬಿನ್ ಹುಡ್’ ಚಿತ್ರದಲ್ಲಿ ಎರಾಲ್ ಫ್ಲಿನ್ ಕಾದಾಡುವ ದೃಶ್ಯದಿಂದ ತೆಗೆದ. ಗುಂಡಿಯ ಅಂಚಿನಲ್ಲಿ ಎರಡು ಕೈಯಲ್ಲಿ ನೇತಾಡುವ ಆ ಬಿಳಿ ಬಟ್ಟೆಯವನಿಗೆ ಮನುಷ್ಯನ ಭಾರ ಬಂದದ್ದು ಹಾಗೆ. ಸಿನಿಮಾ ನೋಡಲು ಮಂಗಳೂರಿನಲ್ಲಿ ಜ್ಯೋತಿ, ಸೆಂಟ್ರಲ್, ಪ್ಲಾಟಿನಂ ಟಾಕೀಸುಗಳಿದ್ದವು. ಸಿನಿಮಾದೊಳಗೆ ತಾನೇ ಓಡಬಹುದು ಎಂದು ತೋರಿಸಿಕೊಟ್ಟವನು ಇವನು. 2010ರಲ್ಲಿ ಅವನ ಹೆಸರಿನಲ್ಲೇ ಹಾಲಿವುಡ್ ಚಿತ್ರ ಬಂತು. ಅದನ್ನು ಮರೆತರೂ ನಷ್ಟವಿಲ್ಲ.

ಆಡುವ ನಾಡು ಮಾಡುವ ನಾಡಾದದ್ದು ತೊಂಬತ್ತರ ದಶಕದ ಕೊನೆಗೆ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರ್ಯಾಕ್ಟಿವ್ ಕಟ್ಟಿದರು. ಮೊದಲು ಸಿಕ್ಕ ದೊಡ್ಡ ಹೊರದೇಶದ ಕೆಲಸ ‘ಮಿಷನ್ ಇಂಪಾಸಿಬಲ್’ ಆಟವನ್ನು ಪಿಸಿಗೆ ತರುವುದು. ಕೆಲಸ ಕೊಟ್ಟದ್ದು ಫ್ರಾನ್ಸಿನ ಇನ್ಫೋಗ್ರಾಮ್ಸ್. ಆ ಆಟವನ್ನು ಮೊದಲು ಶುರುಮಾಡಿದ್ದು ಅದೇ ಓಷನ್, ಅಷ್ಟರಲ್ಲಿ ಆ ಕಂಪನಿಯನ್ನೇ ಇನ್ಫೋಗ್ರಾಮ್ಸ್ ಕೊಂಡಿತ್ತು. ಪಿಸಿಯ ಆಟ ಅಂಗಡಿಗೆ ಬರಲೇ ಇಲ್ಲ, ಆದರೆ ಧ್ರುವ ಉಳಿಯಿತು. 2019ರಲ್ಲಿ ಅದನ್ನು ಕೊಂಡದ್ದು ರಾಕ್‌ಸ್ಟಾರ್. ಮಂಗಳೂರಿನ ಹಂಪನಕಟ್ಟೆ, ಬಲ್ಮಠದ ಸೈಬರ್ ಕೆಫೆಗಳಲ್ಲಿ ಹುಡುಗರ ಮಧ್ಯಾಹ್ನಗಳನ್ನೆಲ್ಲ ನುಂಗಿದ ‘ವೈಸ್ ಸಿಟಿ’ಯ ಕಂಪನಿ.

ಉಡುಪಿಯ ಕತೆಗೆ ಇಷ್ಟು ತಿರುವುಗಳಿಲ್ಲ. 1996ರಲ್ಲಿ ರೋಹಿತ್ ಭಟ್ ಶುರುಮಾಡಿದ ರೋಬೋಸಾಫ್ಟ್, ಆಪಲ್‌ನ ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುತ್ತಿತ್ತು. ಐಫೋನ್ ಬಂದಾಗ ಆ ವಿದ್ಯೆಯೇ ಕೈಹಿಡಿಯಿತು. ಅದರೊಳಗಿಂದ ಹುಟ್ಟಿದ್ದು 99ಗೇಮ್ಸ್. ‘ಧೂಮ್ 3’ ಆದ ಮೇಲೆ ಶಾರುಖ್‌ನ ‘ಫ್ಯಾನ್’, ಸಲ್ಮಾನ್‌ನ ‘ಸುಲ್ತಾನ್’ ಚಿತ್ರಗಳ ಆಟಗಳನ್ನೂ ಅವರೇ ಮಾಡಿದರು. ಆದರೆ ಎರಡನೇ ಭಾಗ ಬರುವಷ್ಟು ದಿನ ನಡೆದದ್ದು 2014ರ ‘ಸ್ಟಾರ್ ಶೆಫ್’: ಹೀರೋ ಇಲ್ಲ, ಫೈಟ್ ಇಲ್ಲ, ಹೋಟೆಲು ನಡೆಸುವುದಷ್ಟೇ. ಉಡುಪಿಯವರಿಗೆ ಅದನ್ನು ಬೇರೆ ಹೇಳಿಕೊಡಬೇಕೇ!

ಫೋನಿನ ಸಿನಿಮಾ ಆಟಗಳಿಗೆ ಆಯುಷ್ಯ ಕಡಿಮೆ. ಪರವಾನಗಿ ತೀರುತ್ತದೆ, ಆಂಡ್ರಾಯ್ಡ್ ಬದಲಾಗುತ್ತದೆ, ಹೊಸ ಫೋನಿನಲ್ಲಿ ಹಳೆಯದು ಏಳುವುದಿಲ್ಲ. ಫ್ಲಾಪಿಯ ಕಾಲದವುಗಳ ಅದೃಷ್ಟ ಬೇರೆ. ಪ್ರಿನ್ಸ್‌ನ ಮೂಲ ಪ್ರೋಗ್ರಾಮು ಕಳೆದುಹೋಯಿತೆಂದು ಮೆಕ್ನರ್ ಕೈಬಿಟ್ಟಿದ್ದ. 2012ರಲ್ಲಿ ಅವನ ಅಪ್ಪನಿಗೆ ಅದು ಮನೆಯಲ್ಲಿಟ್ಟ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತು, ಮೆಕ್ನರ್ ಅದನ್ನು ಎಲ್ಲರಿಗೂ ತೆರೆದಿಟ್ಟ. 2015ರಲ್ಲಿ ಇಂಟರ್ನೆಟ್ ಆರ್ಕೈವ್ ಬ್ರೌಸರ್‌ನಲ್ಲೇ ಆಡುವಂತೆ ಸಾವಿರಾರು ಡಾಸ್ ಆಟಗಳನ್ನು ಇಟ್ಟಾಗ ಪ್ರಿನ್ಸ್ ಅವುಗಳಲ್ಲಿದ್ದ. ಕ್ಲಾಸಿನಲ್ಲಿ ಸರ್ ಬಂದರೆಂದು ಅರ್ಧಕ್ಕೇ ಬಿಟ್ಟವರು ಈಗ ಪೂರ್ತಿ ಮಾಡಬಹುದು.